ಗುಲಗಂಜಿ ಹುಳುವಿಗೆ ಸಕ್ಕರೆ ನೀರು ಕೊಟ್ಟರೆ ಮೊಟ್ಟೆ ಇಡುತ್ತಾ?

ಕೀಟಲೆ_ಕಿಟ್ಟಿ
ಎಲ್ಲರಿಗೂ ನಮಸ್ಕಾರ. ಏಳು ಚುಕ್ಕೆಯ ಗುಲಗಂಜಿ ಹುಳುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಾಕುತ್ತಿದ್ದೇನೆ. ಗಿಡಹೇನು ಸಿಗುವುದು ಕಷ್ಟವಾದ ಮೇಲೆ ಹತ್ತಿ ಉಂಡೆಯನ್ನು ಸಕ್ಕರೆ ನೀರಲ್ಲಿ ಅದ್ದಿ ಇಡುತ್ತಿದ್ದೇನೆ. ಹುಳುಗಳು ಗಟ್ಟಿಮುಟ್ಟಾಗಿವೆ. ಓಡಾಡುತ್ತವೆ, ಗಂಡು ಹೆಣ್ಣು ಕೂಡುವುದೂ ಕಾಣುತ್ತದೆ. ಆದರೆ ಮೊಟ್ಟೆ ಒಂದೂ ಇಲ್ಲ. ಗುಲಗಂಜಿ ಹುಳುವಿನ ಸಂತಾನಕ್ಕೆ ಸಕ್ಕರೆ ಬಹಳ ಮುಖ್ಯ ಅಂತ ಎಲ್ಲೋ ಓದಿದ ನೆನಪು. ಹಾಗಿದ್ದರೆ ಇವಕ್ಕೇನಾಗಿದೆ? ಸಕ್ಕರೆ ಇನ್ನೂ ಜಾಸ್ತಿ ಹಾಕಬೇಕಾ?

ಸುಮ್ನೆ_ಓದುಗ
ಹೇನು ತಿನ್ನೋ ಹುಳಕ್ಕೆ ಸಕ್ಕರೆ ಯಾಕೆ ಸ್ವಾಮಿ? ಹುಲಿಗೆ ಹುಲ್ಲು ಹಾಕಿದ ಹಾಗಾಯ್ತು.

ಬೆಳೆಮಿತ್ರ
ಓದುಗರೇ, ಹಾಗೆ ತಳ್ಳಿಹಾಕಬೇಡಿ. ಬೆಳೆಯ ಮೇಲೆ ಸಕ್ಕರೆ ನೀರು ಸಿಂಪಡಿಸಿದರೆ ಗುಲಗಂಜಿ ಹುಳುಗಳು ಬಂದು ಸೇರುತ್ತವೆ. ಇದನ್ನು ಕುದುರೆ ಮೆಂತ್ಯದ ಹೊಲಗಳಲ್ಲಿ ಪ್ರಯೋಗ ಮಾಡಿಯೇ ನೋಡಿದ್ದಾರೆ. ಹುಳು ಬಂದರೆ ಮೊಟ್ಟೆಯೂ ಬಂದ ಹಾಗೆ ಅಲ್ವಾ? ಕಿಟ್ಟಿಯವರೇ, ನೀರಿಗೆ ಸಕ್ಕರೆ ಸ್ವಲ್ಪ ಹೆಚ್ಚಿಸಿ ನೋಡಿ.

ಆರುಕಾಲು
ಬೆಳೆಮಿತ್ರರೇ, ಹುಳು ಬಂದು ಸೇರುವುದು ನಿಜ. ಆದರೆ ಬಂದ ಹುಳುವೆಲ್ಲ ಮೊಟ್ಟೆ ಇಡುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ.

ಗುಲಗಂಜಿ ಹುಳುಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಇವೊ ಹೊಡೆಕ್ ಅಂತ ಜೆಕ್ ವಿಜ್ಞಾನಿ ಇದ್ದರು. ಅವರು ಈ ಹುಳುಗಳ ಆಹಾರವನ್ನು ಎರಡಾಗಿ ವಿಂಗಡಿಸಿದರು. ಮರಿ ಬೆಳೆದು ದೊಡ್ಡದಾಗಲು, ಹೆಣ್ಣು ಮೊಟ್ಟೆ ಇಡಲು ಸಾಕಾಗುವ ಆಹಾರ ಒಂದು. ಬರೀ ಜೀವ ಹಿಡಿದುಕೊಂಡಿರಲು ಆಗುವ ಆಹಾರ ಇನ್ನೊಂದು. ಗಿಡಹೇನು ಮೊದಲ ಗುಂಪಿಗೆ ಸೇರುತ್ತದೆ. ಆದರೂ ಎಲ್ಲ ಹೇನೂ ಎಲ್ಲ ಗುಲಗಂಜಿಗೂ ಆಗಿಬರುವುದಿಲ್ಲ. ಸಕ್ಕರೆ ನೀರು, ಮಕರಂದ, ಹೇನು ವಿಸರ್ಜಿಸುವ ಸಿಹಿ ಅಂಟು ಇವೆಲ್ಲ ಎರಡನೇ ಗುಂಪು. ಹೂವಿನ ಪರಾಗ ನಡುವೆ ಬರುತ್ತದೆ. ಅಮೆರಿಕದ ಕೋಲಿಯೊಮೆಗಿಲ್ಲಾ ಮ್ಯಾಕ್ಯುಲೇಟಾ ಅನ್ನುವ ಜಾತಿಯ ಮರಿ ಬರೀ ಜೋಳದ ಪರಾಗ ತಿಂದೇ ದೊಡ್ಡ ಹುಳುವಾಗಬಲ್ಲದು.

ಕಿಟ್ಟಿಯವರ ಹುಳುಗಳಿಗೆ ಏನೂ ಆಗಿಲ್ಲ. ಅವಕ್ಕೆ ಮೊಟ್ಟೆ ಕಟ್ಟಲು ಸಾಮಾನೇ ಇಲ್ಲ. ಮೊಟ್ಟೆಯೊಳಗಿನ ಹಳದಿಯಲ್ಲಿ ಮುಖ್ಯವಾಗಿ ಇರುವುದು ಪ್ರೋಟೀನು ಮತ್ತು ಕೊಬ್ಬು. ಸಕ್ಕರೆಯಲ್ಲಿ ಸಾರಜನಕ ಇಲ್ಲ. ಸಾರಜನಕ ಇಲ್ಲದೆ ಪ್ರೋಟೀನು ಇಲ್ಲ. ಬಕೆಟ್ಟುಗಟ್ಟಲೆ ಕುಡಿಸಿದರೂ ಅಷ್ಟೇ.

ಸುಮ್ನೆ_ಓದುಗ
ಅದನ್ನೇ ನಾನು ಹೇಳಿದ್ದು! ಸಕ್ಕರೆ ದಂಡ.

ಪಿಪೆಟ್_ಅಕ್ಕ
ದಂಡ ಅಲ್ಲ ಓದುಗರೇ, ಸ್ವಲ್ಪ ತಾಳಿ. ನಾನು ಲ್ಯಾಬಿನಲ್ಲಿ ಇದೇ ಹುಳುಗಳ ಜೊತೆ ಇರುವವಳು. ಆರುಕಾಲು ಹೇಳಿದ್ದು ಅರ್ಧ ಕಥೆ. ಕಿಟ್ಟಿ ಓದಿದ್ದು ಬಹುಶಃ ಹುಳುವಿನ ಬಾಯಿಗೆ ಹೋಗುವ ಸಕ್ಕರೆ ಬಗ್ಗೆ ಅಲ್ಲ, ಮೈಯೊಳಗೆ ಓಡಾಡುವ ಸಕ್ಕರೆ ಬಗ್ಗೆ.

ಗುಲಗಂಜಿ ಹುಳುವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕಾಲಿನ ಕೀಲಿನಿಂದ ಹಳದಿ ಹನಿ ಬರುತ್ತದಲ್ಲ, ಘಾಟು ವಾಸನೆಯದು? ತುಂಬ ಜನ ಅದನ್ನು ಉಚ್ಚೆ ಅಂದುಕೊಳ್ಳುತ್ತಾರೆ. ಅದು ಅದರ ರಕ್ತವೇ. ನಮ್ಮ ರಕ್ತದಲ್ಲಿ ಓಡಾಡುವ ಸಕ್ಕರೆ ಗ್ಲೂಕೋಸ್. ಬಹುತೇಕ ಕೀಟಗಳ ರಕ್ತದಲ್ಲಿ ಓಡಾಡುವುದು ಟ್ರೆಹಲೋಸ್. ಎರಡು ಗ್ಲೂಕೋಸ್ ಒಂದಕ್ಕೊಂದು ಬೆನ್ನು ಕೊಟ್ಟು ಅಂಟಿಕೊಂಡರೆ ಟ್ರೆಹಲೋಸ್ ಆಗುತ್ತದೆ. ಕೀಟಗಳ ರಕ್ತದಲ್ಲಿ ಇದೇ ಮುಖ್ಯ ಸಕ್ಕರೆ ಅಂತ ವಯಟ್ ಮತ್ತು ಕಾಲ್ಫ್ 1950ರ ದಶಕದಲ್ಲಿ ತೋರಿಸಿದರು.

ಇದನ್ನು ತಯಾರಿಸುವುದು ಫ್ಯಾಟ್ ಬಾಡಿ. ಹೆಸರು ಹಾಗಿದ್ದರೂ ಅದು ಬರೀ ಕೊಬ್ಬಿನ ಮುದ್ದೆ ಅಲ್ಲ. ನಮ್ಮ ಲಿವರ್ ಮತ್ತು ಕೊಬ್ಬು ಎರಡೂ ಮಾಡುವ ಕೆಲಸವನ್ನು ಕೀಟದಲ್ಲಿ ಅದೊಂದೇ ಮಾಡುತ್ತದೆ. ಟ್ರೆಹಲೋಸ್ ಕಟ್ಟುವ ಕಿಣ್ವಕ್ಕೆ ಚಿಕ್ಕದಾಗಿ ಟಿಪಿಎಸ್ ಅನ್ನುತ್ತೇವೆ. ಒಡೆಯುವ ಕಿಣ್ವ ಟ್ರೆಹಲೇಸ್. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮೊಟ್ಟೆಯ ಕಥೆ ಎಲ್ಲ ಅದರ ಸುತ್ತಲೇ ಇದೆ.

ಎಲೆಮರೆ_ಕಾಯಿ
ಅಕ್ಕಾ, ಒಂದು ಪ್ರಶ್ನೆ. ಬಿಎಸ್ಸಿ ಓದುವಾಗಿನಿಂದ ತಲೆಯಲ್ಲಿದೆ. ಗ್ಲೂಕೋಸ್ ಅನ್ನು ಹಾಗೇ ಬಿಟ್ಟರೆ ಏನು ನಷ್ಟ? ಅಂಟಿಸುವುದು, ಮತ್ತೆ ಒಡೆಯುವುದು. ಎರಡು ಕೆಲಸ ಯಾಕೆ?

ಪಿಪೆಟ್_ಅಕ್ಕ
ಒಳ್ಳೇ ಪ್ರಶ್ನೆ. ಕಾರಣ ಎರಡಾದರೂ ಇವೆ.

ಗ್ಲೂಕೋಸ್ ಜಾಸ್ತಿಯಾದರೆ ಪ್ರೋಟೀನುಗಳಿಗೆ ಹೋಗಿ ಅಂಟಿಕೊಂಡು ಅವನ್ನು ಹಾಳು ಮಾಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಆಗುವುದು ಇದೇ. ಟ್ರೆಹಲೋಸ್‌ನಲ್ಲಿ ಆ ಅಂಟುವ ತುದಿಗಳೆರಡೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಹಾಗಾಗಿ ನಮ್ಮ ರಕ್ತದ ಗ್ಲೂಕೋಸ್‌ಗಿಂತ ಹಲವು ಪಟ್ಟು ಟ್ರೆಹಲೋಸ್ ರಕ್ತದಲ್ಲಿ ತುಂಬಿಕೊಂಡರೂ ಕೀಟಕ್ಕೆ ತೊಂದರೆ ಇಲ್ಲ.

ಎರಡನೆಯದು ನನಗೆ ತುಂಬ ಇಷ್ಟವಾದದ್ದು. 1958ರಲ್ಲಿ ಟ್ರೆಹರ್ನ್ ಅನ್ನುವವರು ಮರುಭೂಮಿ ಮಿಡತೆಯಲ್ಲಿ ತೋರಿಸಿದರು. (ಟ್ರೆಹಲೋಸ್ ಮೇಲೆ ಕೆಲಸ ಮಾಡಿದವರ ಹೆಸರು ಟ್ರೆಹರ್ನ್. ಕಾಕತಾಳೀಯ ಅಷ್ಟೇ!) ಕರುಳಿನಿಂದ ಗ್ಲೂಕೋಸ್ ರಕ್ತಕ್ಕೆ ಇಳಿದ ತಕ್ಷಣ ಫ್ಯಾಟ್ ಬಾಡಿ ಅದನ್ನು ಟ್ರೆಹಲೋಸ್ ಮಾಡಿಬಿಡುತ್ತದೆ. ರಕ್ತದಲ್ಲಿ ಗ್ಲೂಕೋಸ್ ಯಾವಾಗಲೂ ಕಡಿಮೆಯೇ ಇರುತ್ತದೆ. ಹಾಗಾಗಿ ಕರುಳಿನಿಂದ ಗ್ಲೂಕೋಸ್ ತಾನಾಗಿ ಈ ಕಡೆ ಹರಿಯುತ್ತಲೇ ಇರುತ್ತದೆ. ಪಂಪು ಹೊಡೆಯುವ ಖರ್ಚು ಇಲ್ಲ.

ಬೆಳೆಮಿತ್ರ
ಇದೆಲ್ಲ ಸರಿ ಮೇಡಂ. ಇದಕ್ಕೂ ಮೊಟ್ಟೆಗೂ ಏನು ಸಂಬಂಧ?

ಪಿಪೆಟ್_ಅಕ್ಕ
ಬಂದೆ ಅಲ್ಲಿಗೇ.

ಹಾರ್ಮೋನಿಯಾ ಆಕ್ಸಿರಿಡಿಸ್ ಅಂತ ಒಂದು ಗುಲಗಂಜಿ ಹುಳು ಇದೆ. ಮೂಲ ಏಷ್ಯಾ. ಹೇನು ತಿನ್ನಲಿ ಅಂತ 1916ರಿಂದಲೇ ಅಮೆರಿಕಕ್ಕೆ ತಂದು ಬಿಟ್ಟರು. ದಶಕಗಟ್ಟಲೆ ಅದು ಅಲ್ಲಿ ನೆಲೆ ಕಾಣಲಿಲ್ಲ. 1988ರಲ್ಲಿ ನೆಲೆಯೂರಿದ್ದು ಗೊತ್ತಾಯಿತು, ಆಮೇಲೆ ಹಿಡಿಯುವವರೇ ಇಲ್ಲದ ಹಾಗೆ ಹಬ್ಬಿತು. ಹೆಣ್ಣು ಒಂದು ಸಲಕ್ಕೆ ಸುಮಾರು 20-30 ಮೊಟ್ಟೆ ಗುಂಪಾಗಿ ಇಡುತ್ತದೆ. ಜೀವಮಾನದಲ್ಲಿ ಸಾವಿರ ದಾಟಿಸಬಲ್ಲದು. ಲ್ಯಾಬಿನವರಿಗೆ ಇದು ಅಚ್ಚುಮೆಚ್ಚು.

ಈ ಹುಳುವಿನ ಹೆಣ್ಣಿನಲ್ಲಿ ಟ್ರೆಹಲೇಸ್ ಕೆಲಸವನ್ನು ತಡೆದು ನೋಡುತ್ತಾರೆ. ಆ ಜೀನಿನ ಬಾಯಿ ಮುಚ್ಚಿಸುವ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ ಚುಚ್ಚುತ್ತಾರೆ, ಇಲ್ಲವೇ ಕಿಣ್ವವನ್ನೇ ಕಟ್ಟಿಹಾಕುವ ರಾಸಾಯನಿಕ ಕೊಡುತ್ತಾರೆ. ತಿನ್ನಲು ಹೇನು ಬೇಕಾದಷ್ಟು ಇರುತ್ತದೆ, ಅಂದರೆ ಪ್ರೋಟೀನಿಗೆ ಕೊರತೆ ಇಲ್ಲ. ಆದರೂ ಅಂಡಾಶಯ ನಿಧಾನವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ವಿಟೆಲ್ಲೋಜೆನಿನ್ ಜೀನಿನ ಕೆಲಸವೂ ಕುಗ್ಗುತ್ತದೆ. ಮೊಟ್ಟೆಯ ಹಳದಿಗೆ ಹೋಗುವ ಮುಖ್ಯ ಪ್ರೋಟೀನು ಅದು. ಭತ್ತದ ಕಂದು ಜಿಗಿಹುಳುವಿನಲ್ಲೂ ಇದೇ ಥರ ಕಂಡಿದೆ.

ಅಂದರೆ ರಕ್ತದಲ್ಲಿ ಸಕ್ಕರೆ ಇದೆ, ಹೊಟ್ಟೆಯಲ್ಲಿ ಹೇನೂ ಇದೆ, ಆದರೂ ಮೊಟ್ಟೆ ಇಲ್ಲ. ಕಣಜ ತುಂಬಿದೆ, ಬೀಗದ ಕೈ ಇಲ್ಲ. ಅದಕ್ಕೇ ನನ್ನ ಮಾತು ಇಷ್ಟು: ಸಕ್ಕರೆಯಿಂದ ಮೊಟ್ಟೆ ಆಗುವುದಿಲ್ಲ, ಆದರೆ ಸಕ್ಕರೆಯನ್ನು ಒಡೆದು ಬಳಸಲಾರದ ಹೆಣ್ಣು ಪ್ರೋಟೀನನ್ನೂ ಮೊಟ್ಟೆ ಮಾಡಲಾರದು.

ಎಲೆಮರೆ_ಕಾಯಿ
ಶಕ್ತಿ ಸಾಲದೆ ಹಾಗಾಗುತ್ತಾ? ಅಥವಾ ಬೇರೆ ಏನಾದರೂ ಸೂಚನೆ ಹೋಗುತ್ತಾ? ಎರಡೂ ಒಂದೇ ಅಲ್ಲ ಅಲ್ವಾ.

ಪಿಪೆಟ್_ಅಕ್ಕ
ಒಂದೇ ಅಲ್ಲ. ಮತ್ತೆ, ಎರಡೂ ಇವೆ.

ಶಕ್ತಿಯ ಲೆಕ್ಕ ಸುಲಭ. ಹಳದಿಯ ಪ್ರೋಟೀನನ್ನು ಫ್ಯಾಟ್ ಬಾಡಿ ತಯಾರಿಸಿ ರಕ್ತಕ್ಕೆ ಬಿಡಬೇಕು. ಬೆಳೆಯುವ ಮೊಟ್ಟೆ ಅದನ್ನು ರಕ್ತದಿಂದ ಒಳಕ್ಕೆ ಎಳೆದುಕೊಳ್ಳಬೇಕು. ತಯಾರಿಸುವುದಕ್ಕೂ ಖರ್ಚು, ಎಳೆದುಕೊಳ್ಳುವುದಕ್ಕೂ ಖರ್ಚು. ಇನ್ನು ಗ್ಲೂಕೋಸ್ ಉರಿದು ಬೂದಿಯಾಗುವುದಷ್ಟೇ ಅಲ್ಲ, ಒಂದಷ್ಟು ಕೊಬ್ಬಾಗಿ ಬದಲಾಗುತ್ತದೆ. ಆ ಕೊಬ್ಬು ರಕ್ತದ ಮೂಲಕ ಮೊಟ್ಟೆಗೆ ಹೋಗುತ್ತದೆ. ಒಳಗಿನ ಭ್ರೂಣ ಬೆಳೆಯುವಾಗ ಹೆಚ್ಚಾಗಿ ಉರಿಸುವುದು ಆ ಕೊಬ್ಬನ್ನೇ. ಹಾಗಾಗಿ ಸಕ್ಕರೆ ವೇಷ ಬದಲಿಸಿ ಮೊಟ್ಟೆ ಸೇರುವ ದಾರಿಯೂ ಇದೆ.

ಸೂಚನೆಯ ಕಡೆ ಬಂದರೆ ಇನ್ಸುಲಿನ್ ಥರದ ಪೆಪ್ಟೈಡುಗಳು, ಅಂದರೆ ಪುಟ್ಟ ಪ್ರೋಟೀನು ತುಣುಕುಗಳು, ಕೀಟಗಳಲ್ಲೂ ಇವೆ. ಕೆಂಪು ಹಿಟ್ಟಿನ ಹುಳು ಗುಲಗಂಜಿಯ ದೂರದ ನೆಂಟ, ಎರಡೂ ದುಂಬಿಗಳೇ. ಅದರಲ್ಲಿ 2011ರ ಕೆಲಸವೊಂದು ಈ ಸರಪಳಿಯನ್ನು ಬಿಡಿಸಿ ತೋರಿಸಿತು. ಕೀಟದ ಬೆಳವಣಿಗೆ, ಸಂತಾನ ಎರಡನ್ನೂ ನಿಯಂತ್ರಿಸುವ ಜುವೆನೈಲ್ ಹಾರ್ಮೋನು ಇನ್ಸುಲಿನ್ ಥರದ ಪೆಪ್ಟೈಡನ್ನು ಹೆಚ್ಚಿಸುತ್ತದೆ. ವಿಟೆಲ್ಲೋಜೆನಿನ್ ಜೀನನ್ನು ಅದುಮಿಟ್ಟಿರುವ ಫಾಕ್ಸೋ ಅನ್ನುವ ಪ್ರೋಟೀನನ್ನು ಆ ಪೆಪ್ಟೈಡು ಪಕ್ಕಕ್ಕೆ ಸರಿಸುತ್ತದೆ. ಆಗ ಹಳದಿ ತಯಾರಿ ಶುರು. ಇದರ ಜೊತೆಗೆ ಟಾರ್ ಅನ್ನುವ ಇನ್ನೊಂದು ವ್ಯವಸ್ಥೆ ಪ್ರೋಟೀನು ಕಟ್ಟಲು ಬೇಕಾದ ಅಮೈನೊ ಆಮ್ಲ ಬಂತಾ ಇಲ್ವಾ ಅಂತ ನೋಡುತ್ತಿರುತ್ತದೆ. ಊಟ ಬಂತು ಅನ್ನುವುದನ್ನು ಹೆಣ್ಣು ಹುಳು ಒಂದೇ ಕಡೆಯಿಂದ ಕೇಳಿ ನಂಬುವುದಿಲ್ಲ.

ಆರುಕಾಲು
ಅಕ್ಕನ ಮಾತಿಗೆ ರೇಷ್ಮೆ ಹುಳುವಿನಿಂದ ಒಂದು ಪುರಾವೆ ಸೇರಿಸುತ್ತೇನೆ. ಅಲ್ಲಿ ಮೊಟ್ಟೆಯನ್ನು ನಿದ್ದೆಗೆ ಕಳಿಸುವ ಡಯಾಪಾಸ್ ಹಾರ್ಮೋನು ಅಂತ ಇದೆ. ಅದು ತಾಯಿಯ ಅಂಡಾಶಯದಲ್ಲಿ ಟ್ರೆಹಲೇಸ್ ಕೆಲಸವನ್ನು ಚುರುಕು ಮಾಡುತ್ತದೆ. ಆಗ ರಕ್ತದ ಟ್ರೆಹಲೋಸ್ ಒಡೆದು ಮೊಟ್ಟೆಯೊಳಗೆ ಗ್ಲೈಕೋಜೆನ್ (ಕೂಡಿಟ್ಟ ಸಕ್ಕರೆ) ಆಗಿ ಶೇಖರವಾಗುತ್ತದೆ. ಮೊಟ್ಟೆ ನಿದ್ದೆಗೆ ಹೋದಾಗ ಆ ಗ್ಲೈಕೋಜೆನ್ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗುತ್ತದೆ. ನಿದ್ದೆ ಮುಗಿಯುವಾಗ ಮತ್ತೆ ಗ್ಲೈಕೋಜೆನ್. ತಾಯಿಯ ಒಂದು ಹಾರ್ಮೋನು ಒಂದು ಕಿಣ್ವವನ್ನು ಹಿಡಿದು ಇನ್ನೂ ಹುಟ್ಟದ ಮರಿಯ ಬುತ್ತಿ ಕಟ್ಟುತ್ತದೆ.

ಗುಲಗಂಜಿಯಲ್ಲಿ ನಿದ್ದೆ ಹೋಗುವುದು ಮೊಟ್ಟೆಯಲ್ಲ, ದೊಡ್ಡ ಹುಳು. ಆದರೆ ಕೀಲಿ ಅದೇ ಕಿಣ್ವ.

ಸುಮ್ನೆ_ಓದುಗ
ಸರಿ, ಒಪ್ಪಿದೆ. ಆದರೆ ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಯಲಲ್ಲಿ ಹೇನು ಮಾತ್ರ ತಿನ್ನುವ ಹುಳಕ್ಕೆ ಈ ಸಕ್ಕರೆ ಎಲ್ಲಿಂದ ಬರುತ್ತದೆ? ಅದೇನು ಕಬ್ಬಿನ ಗದ್ದೆಗೆ ಹೋಗಿ ಹಾಲು ಕುಡಿಯುತ್ತಾ?

ಆರುಕಾಲು
ಹೇನಿನೊಳಗೇ ಇದೆ ಸ್ವಾಮಿ. ಹೇನು ಹೀರುವುದು ಗಿಡದ ರಸ. ಅದರಲ್ಲಿ ಸಕ್ಕರೆ ವಿಪರೀತ, ಅಮೈನೊ ಆಮ್ಲ ಅಷ್ಟಕ್ಕಷ್ಟೆ. ಬೇಕಾದ ಅಮೈನೊ ಆಮ್ಲಕ್ಕಾಗಿ ಹೇನು ರಾಶಿ ರಸ ಕುಡಿದು, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಸಿಹಿ ಅಂಟಾಗಿ ಬಿಡುತ್ತದೆ. ಎಲೆ ಮೇಲೆ ಜಿಗುಟಾಗಿ ಹೊಳೆಯುವುದು, ಆಮೇಲೆ ಕಪ್ಪು ಬೂಷ್ಟು ಹಿಡಿಯುವುದು ಅದೇ. ಹೇನಿನ ಹೊಟ್ಟೆಯಲ್ಲಿ ಸಕ್ಕರೆ, ರಕ್ತದಲ್ಲಿ ಟ್ರೆಹಲೋಸ್, ಮೈಯಲ್ಲಿ ಪ್ರೋಟೀನು. ಗುಲಗಂಜಿ ಒಂದು ಹೇನನ್ನು ತಿಂದರೆ ಎರಡೂ ಸಿಗುತ್ತವೆ. ಸಾಲದ್ದಕ್ಕೆ ಎಲೆ ಮೇಲಿನ ಅಂಟನ್ನೂ ನೆಕ್ಕುತ್ತದೆ. ಇನ್ನೂ ಕೊರತೆಯಾದರೆ ಅಮೈನೊ ಆಮ್ಲದಿಂದಲೂ ಒಂದಿಷ್ಟು ಸಕ್ಕರೆ ಮಾಡಿಕೊಳ್ಳುವ ದಾರಿ ಕೀಟಗಳಿಗಿದೆ.

ಸಕ್ಕರೆಯ ಬೆಲೆ ಗೊತ್ತಾಗುವುದು ಹೇನು ಸಿಗದಿದ್ದಾಗ. ಬೆಳೆಮಿತ್ರರು ಕುದುರೆ ಮೆಂತ್ಯದ ಮಾತೆತ್ತಿದರಲ್ಲ, ಅಲ್ಲಿಯದೇ ಪ್ರಯೋಗ ಇದೆ. ಆ ಬೆಳೆಯಲ್ಲಿ ಹೇನು ಮುಗಿದಾಗ ಸೊಂಡಿಲು ಹುಳುವಿನ ಮರಿಗಳು ಸಿಗುತ್ತವೆ. ಬರೀ ಆ ಮರಿಗಳನ್ನು ತಿಂದ ಗುಲಗಂಜಿ ಹೆಣ್ಣುಗಳು ಮೊಟ್ಟೆಯಲ್ಲಿ ಹಿಂದೆ ಬಿದ್ದವು. ಮರಿಗಳ ಜೊತೆ ಸಕ್ಕರೆ ನೀರೂ ಸಿಕ್ಕಾಗ ಸುಧಾರಿಸಿದವು. ಆದರೂ ಹೇನು ತಿಂದವುಗಳ ಮಟ್ಟ ಮುಟ್ಟಲಿಲ್ಲ. ನನ್ನ ಪ್ರಕಾರ ಇಡೀ ಚರ್ಚೆಗೆ ಇದೊಂದೇ ಪ್ರಯೋಗ ಸಾಕು. ಜೀನು ಗೀನು ಆಮೇಲೆ.

ಪಿಪೆಟ್_ಅಕ್ಕ
ಜೀನು ಗೀನು ಅಂದಿದ್ದನ್ನು ಗಮನಿಸಿದೆ ಆರುಕಾಲು ಅವರೇ 🙂

ಬೆಳೆಮಿತ್ರ
ಮೇಡಂ, ಕಿಣ್ವ ಕಟ್ಟಿಹಾಕುವ ರಾಸಾಯನಿಕ ಅಂದಿರಿ. ವ್ಯಾಲಿಡಮೈಸಿನ್ ಅಲ್ಲ ತಾನೇ? ಭತ್ತದ ಪೊರೆ ಅಂಗಮಾರಿ ರೋಗಕ್ಕೆ ಹೊಡೆಯುತ್ತಾರಲ್ಲ, ಅದು. ಅದೇ ಆದರೆ ಗುಲಗಂಜಿ ಹುಳುಗಳ ಗತಿ?

ಪಿಪೆಟ್_ಅಕ್ಕ
ಅದೇ! 1970ರ ಸುಮಾರಿಗೆ ಜಪಾನಿನಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದದ್ದು. ಆ ರೋಗದ ಶಿಲೀಂಧ್ರವೂ ಟ್ರೆಹಲೋಸನ್ನೇ ನಂಬಿಕೊಂಡಿದೆ, ಅದಕ್ಕೇ ಔಷಧಿ ನಾಟುತ್ತದೆ. ಕೀಟಗಳ ಟ್ರೆಹಲೇಸನ್ನೂ ಇದು ತಡೆಯುತ್ತದೆ, ಆದ್ದರಿಂದ ಲ್ಯಾಬಿನಲ್ಲಿ ನಮಗೆ ಉಪಯೋಗ.

ಆದರೆ ಗಾಬರಿ ಬೇಡ. ಪ್ರಯೋಗದಲ್ಲಿ ಸಾಮಾನ್ಯವಾಗಿ ಇದನ್ನು ಸೂಜಿಯಿಂದ ಹುಳುವಿನ ಮೈಯೊಳಗೆ ನೇರ ಚುಚ್ಚುತ್ತಾರೆ. ಎಲೆ ಮೇಲೆ ಬಿದ್ದ ಹನಿ ಚರ್ಮ ದಾಟಿ ರಕ್ತ ಸೇರುವುದು ಬೇರೆಯೇ ಮಾತು. ಚುಚ್ಚಿದಾಗ ಆದದ್ದನ್ನು ನೋಡಿ ಸಿಂಪಡಿಸಿದಾಗಲೂ ಅದೇ ಆಗುತ್ತದೆ ಅಂತ ತೀರ್ಮಾನಿಸಬೇಡಿ. ನಮಗೆ ಗುಲಗಂಜಿ ಬೇಕು, ಜಿಗಿಹುಳು ಬೇಡ. ಟ್ರೆಹಲೇಸ್ ಎರಡಕ್ಕೂ ಬೇಕು. ಟ್ರೆಹಲೇಸ್ ತಡೆಯುವ ಕೀಟನಾಶಕ ಮಾಡುತ್ತೇವೆ ಅನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಕೀಟಲೆ_ಕಿಟ್ಟಿ
ಪ್ರಶ್ನೆ ಹಾಕಿ ಹೋದೆ, ಬಂದು ನೋಡಿದರೆ ಇಷ್ಟೆಲ್ಲ! ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ನನ್ನ ಹುಳುಗಳಲ್ಲಿ ಕೆಲವನ್ನು ಒಣಗಿದ ಹುಲ್ಲಿನ ಬುಡದಲ್ಲಿ ಗುಂಪಾಗಿ ಕೂತಿದ್ದಾಗ ಹಿಡಿದು ತಂದದ್ದು. ಅವಕ್ಕೆ ಈಗ ಹೇನು ಸಿಕ್ಕರೂ ಮೊಟ್ಟೆ ಇಡುತ್ತವಾ?

ಆರುಕಾಲು
ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೇ. ಅವು ವಿರಾಮದಲ್ಲಿರುವ ಹುಳುಗಳು. ಹವೆ ಸರಿಯಿಲ್ಲದ ಕಾಲವನ್ನು ಕಳೆಯಲು ಗುಂಪುಗೂಡಿ ಕೂರುತ್ತವೆ. ಆಗ ಜುವೆನೈಲ್ ಹಾರ್ಮೋನು ಇಳಿದಿರುತ್ತದೆ, ಅಂಡಾಶಯ ಬೆಳೆದಿರುವುದಿಲ್ಲ.

ಅಮೆರಿಕದ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಹಿಪ್ಪೊಡೇಮಿಯಾ ಕನ್ವರ್ಜೆನ್ಸ್ ಅನ್ನುವ ಜಾತಿ ಹೀಗೆ ಲಕ್ಷಗಟ್ಟಲೆ ಸೇರುತ್ತದೆ. ನೂರು ವರ್ಷಕ್ಕೂ ಹಿಂದಿನಿಂದ ಜನ ಅವನ್ನು ಬಾಚಿ ತಂದು ಹೊಲಗಳಿಗೆ ಬಿಡುತ್ತಾ ಬಂದಿದ್ದಾರೆ. ಬಿಟ್ಟ ಹುಳು ಬಹುಪಾಲು ಹಾರಿಹೋಗುತ್ತದೆ. ಹೊಟ್ಟೆ ತುಂಬ ಕೊಬ್ಬು ಇರುತ್ತದೆ, ಹೇನಿನ ಮೇಲೂ ಆಸೆ ಇಲ್ಲ, ಮೊಟ್ಟೆ ಇಡುವ ಯೋಚನೆಯೂ ಇಲ್ಲ.

ಪಿಪೆಟ್_ಅಕ್ಕ
ಇದನ್ನು ಮೈಕ್ರೋಸ್ಕೋಪಿನಡಿ ನೋಡಿದರೆ ಮರೆಯುವುದಿಲ್ಲ. ಸತ್ತ ಹೆಣ್ಣಿನ ಗಟ್ಟಿ ರೆಕ್ಕೆಗಳನ್ನು ಚಿಮುಟದಿಂದ ಬಿಡಿಸಿ, ಉಪ್ಪು ನೀರಿನ ಹನಿಯಲ್ಲಿ ಹೊಟ್ಟೆಯ ಮೇಲಿನ ತೆಳು ಹೊದಿಕೆ ತೆಗೆಯಬೇಕು. ವಿರಾಮದ ಹುಳುವಾದರೆ ಒಳಗೆಲ್ಲ ಬಿಳಿ ಹಳದಿ ಗಂಟು ಗಂಟಾದ ಫ್ಯಾಟ್ ಬಾಡಿಯೇ. ಅದನ್ನು ಸರಿಸಿ ಹುಡುಕಿದರೆ ಮೂಲೆಯಲ್ಲಿ ಅಂಡಾಶಯ ಸಿಗುತ್ತದೆ. ಪಾರದರ್ಶಕ ನೂಲಿನೆಳೆಗಳ ಪುಟ್ಟ ಕುಚ್ಚು. ಮೊಟ್ಟೆ ಇಡುವ ಹೆಣ್ಣಾದರೆ ಚಿತ್ರ ಪೂರ್ತಿ ಉಲ್ಟಾ. ಪ್ರತಿ ಕೊಳವೆಯಲ್ಲೂ ತುದಿಯಲ್ಲಿ ಸಣ್ಣದು, ಕೆಳಗೆ ಬಂದಂತೆ ದಪ್ಪ, ಕಿತ್ತಳೆ ಹಳದಿ ಮೊಟ್ಟೆಗಳು ಒತ್ತಿಕೊಂಡಿರುತ್ತವೆ. ಫ್ಯಾಟ್ ಬಾಡಿ ಸೊರಗಿ ಅಂಚಿಗೆ ಸರಿದಿರುತ್ತದೆ. ಅದರ ಸರಕೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಬೇಕಾಗಿಲ್ಲ.

ವಿರಾಮದ ಹುಳುವಿಗೆ ಸಕ್ಕರೆ ಕೊಟ್ಟರೆ ಗ್ಲೈಕೋಜೆನ್, ಕೊಬ್ಬು ಇನ್ನಷ್ಟು ಸೇರುತ್ತದೆ. ಬದುಕುಳಿಯಲು ಒಳ್ಳೆಯದೇ, ಚಳಿ ತಡೆಯಲೂ ಸಹಾಯ. ಮೊಟ್ಟೆಗಾದರೆ ದಿನದ ಬೆಳಕು ಉದ್ದವಾಗಬೇಕು, ಬೆಚ್ಚಗಿರಬೇಕು, ಹೇನು ಬೇಕು. ಸ್ವಲ್ಪ ಕಾಲ ಕಾಯಲೂಬೇಕು.

ಬೆಳೆಮಿತ್ರ
ಹಾಗಾದರೆ ಸಕ್ಕರೆ ಸಿಂಪಡಣೆಯಿಂದ ಪ್ರಯೋಜನ ಇಲ್ಲ ಅಂತೀರಾ?

ಆರುಕಾಲು
ಹಾಗಲ್ಲ. ಹೇನು ಕಡಿಮೆ ಇದ್ದಾಗ ದೊಡ್ಡ ಹುಳುಗಳು ಹೊಲ ಬಿಟ್ಟು ಹೋಗದ ಹಾಗೆ ಹಿಡಿದಿಡಲು ಅದು ಒಂದು ಉಪಾಯ. ಹೇನು ಏರುವ ಹೊತ್ತಿಗೆ ಹೆಣ್ಣುಗಳು ಅಲ್ಲೇ ಇರುತ್ತವೆ, ಸೊರಗಿರುವುದಿಲ್ಲ. ಅಷ್ಟರ ಮಟ್ಟಿಗೆ ಸರಿ. ಮೊಟ್ಟೆ ಹೆಚ್ಚಿಸುವ ಔಷಧಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಇನ್ನೊಂದು, ಸಿಹಿಗೆ ಇರುವೆಗಳೂ ಬರುತ್ತವೆ. ಇರುವೆ ಹೇನಿನ ಕಾವಲುಗಾರ, ಗುಲಗಂಜಿಯನ್ನು ಓಡಿಸುತ್ತದೆ.

ಕೀಟಲೆ_ಕಿಟ್ಟಿ
ಸರಿ, ಹೇನು ಹುಡುಕುತ್ತೇನೆ. ಅದು ಸಿಗುವವರೆಗೆ ಏನು ಕೊಡಲಿ?

ಪಿಪೆಟ್_ಅಕ್ಕ
ಪತಂಗದ ಮೊಟ್ಟೆ ಸಿಕ್ಕರೆ ಅದೇ ಉತ್ತಮ. ಹಿಟ್ಟಿನ ಪತಂಗ ಅಥವಾ ಅಕ್ಕಿ ಪತಂಗದ ಮೊಟ್ಟೆಗಳನ್ನು ಶೀತಲದಲ್ಲಿಟ್ಟು ಬಳಸುವುದು ಸಾಕಣೆ ಕೇಂದ್ರಗಳಲ್ಲಿ ರೂಢಿ. ಹಾರ್ಮೋನಿಯಾ ಅದನ್ನು ತಿಂದು ಚೆನ್ನಾಗಿ ಮೊಟ್ಟೆ ಇಡುತ್ತದೆ. ಏಳು ಚುಕ್ಕೆಯದು ಸ್ವಲ್ಪ ಮೂಗು ಮುರಿಯುವ ಜಾತಿ, ಅದಕ್ಕೆ ಹೇನೇ ಆಗಬೇಕು. ಸಕ್ಕರೆ ನೀರು ನಿಲ್ಲಿಸಬೇಡಿ, ನೂರಕ್ಕೆ ಹತ್ತು ಪಾಲು ಸಕ್ಕರೆ ಸಾಕು. ಹತ್ತಿಯನ್ನು ತೊಟ್ಟಿಕ್ಕುವಷ್ಟು ಒದ್ದೆ ಮಾಡಬೇಡಿ, ಹುಳುವಿನ ಕಾಲು ಅಂಟಿಕೊಳ್ಳುತ್ತದೆ. ದಿನವೂ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಮೊಟ್ಟೆ ಕಂಡ ತಕ್ಷಣ ಬೇರೆ ಡಬ್ಬಿಗೆ ತೆಗೆಯಿರಿ. ಹಸಿದ ತಾಯಿ ತನ್ನ ಮೊಟ್ಟೆಯನ್ನೇ ತಿನ್ನುತ್ತದೆ. ಎಷ್ಟೋ ಸಲ ಮೊಟ್ಟೆ ಇಟ್ಟಿಲ್ಲ ಅಂತ ನಾವಂದುಕೊಳ್ಳುವುದು ಇಟ್ಟು ತಿಂದದ್ದು.

ಎಲೆಮರೆ_ಕಾಯಿ
ಅಕ್ಕಾ, ಕೊನೆಗೆ ಒಂದು. ಮೊಟ್ಟೆ ಇಟ್ಟ ಮೇಲೂ ಒಡೆಯದಿದ್ದರೆ ಅದೂ ಸಕ್ಕರೆ ಕೊರತೆಯಾ?

ಪಿಪೆಟ್_ಅಕ್ಕ
ಬಣ್ಣ ನೋಡಿ. ಒಡೆಯುವ ಮೊಟ್ಟೆ ಹಳದಿಯಿಂದ ಬೂದು ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಮರಿ ಕಪ್ಪಗೆ ಕಾಣುತ್ತದೆ. ಇಡೀ ಗುಂಪು ಹಳದಿಯಾಗೇ ಉಳಿದು ಮುರುಟಿದರೆ ಮೊದಲು ಗಂಡು ಕೂಡಿದೆಯಾ ಅಂತ ವಿಚಾರಿಸಿ. ಹೆಚ್ಚುಕಡಿಮೆ ಅರ್ಧ ಒಡೆದು ಅರ್ಧ ಉಳಿಯುವುದು ಪ್ರತಿ ಗುಂಪಿನಲ್ಲೂ ಮರುಕಳಿಸಿದರೆ ಬೇರೆ ಅನುಮಾನ ಪಡಬೇಕು. ಗಂಡು ಭ್ರೂಣಗಳನ್ನು ಮಾತ್ರ ಕೊಲ್ಲುವ ಬ್ಯಾಕ್ಟೀರಿಯಾ ಕೆಲವು ಗುಲಗಂಜಿ ಜಾತಿಗಳಲ್ಲಿ ತಾಯಿಯಿಂದ ಮಗಳಿಗೆ ದಾಟುತ್ತಾ ಬರುತ್ತದೆ. ಸ್ಪೈರೊಪ್ಲಾಸ್ಮಾ, ರಿಕೆಟ್ಸಿಯಾ, ವೋಲ್ಬಾಕಿಯಾ ಹೀಗೆ ಬೇರೆ ಬೇರೆ ಇವೆ. ಒಡೆದು ಬಂದ ಅಕ್ಕತಂಗಿಯರು ಆ ಸತ್ತ ಮೊಟ್ಟೆಗಳನ್ನೇ ಮೊದಲ ಊಟ ಮಾಡಿಕೊಳ್ಳುತ್ತವೆ. ಅಂಥ ಹೆಣ್ಣು ಸಿಕ್ಕರೆ ಕಿಟ್ಟಿಯವರೇ, ಬೇರೆ ಡಬ್ಬಿಯಲ್ಲಿಟ್ಟು ಇಲ್ಲಿ ಹೊಸ ಎಳೆ ಶುರು ಮಾಡಿ. ಅದು ಈ ಚರ್ಚೆಗಿಂತ ಉದ್ದವಾಗುತ್ತದೆ.